ಒದೆಯೋದಾ, ಬೀಳೋದಾ, ಒದ್ದಾಡೋದಾ?

ಸಮರ ಕಲೆ ಕಲಿಯಬೇಕು ಅಂತ ತೀರ್ಮಾನ ಮಾಡೋದು ಸುಲಭ. ಯಾವುದು ಅಂತ ಯಾರಾದರೂ ಕೇಳಿದಾಗ ತಾಪತ್ರಯ ಶುರು. ಅದರಲ್ಲೂ ನಲವತ್ತು ದಾಟಿ, ಕೆಳಗೆ ಬಿದ್ದ ಪೆನ್ನು ಎತ್ತಿಕೊಳ್ಳುವಾಗಲೂ "ಅಮ್ಮಾ" ಅನ್ನುವ ವಯಸ್ಸಿಗೆ ಬಂದ ಮೇಲೆ, ಆ ಪ್ರಶ್ನೆಗೆ ಇರುವ ಒಂದೊಂದು ಉತ್ತರವೂ ಸ್ವಲ್ಪ ಹೆದರಿಸುತ್ತದೆ.

ಮನೆಯಲ್ಲಿ ವಿಷಯ ತಿಳಿಸಿದೆ. "ರೀ, ಯಾರ ಜೊತೆ ಹೊಡೆದಾಡೋಕೆ ಹೊರಟಿದ್ದೀರಾ?" ಅಂದಳು. ಯಾರ ಜೊತೆಗೂ ಇಲ್ಲ ಕಣೇ, ಸುಮ್ನೆ ಮೈ ಸ್ವಲ್ಪ ಹಗುರ ಆಗಲಿ ಅಂತ ಅಂದೆ. "ಹಾಗಾದ್ರೆ ಅಟ್ಟ ಕ್ಲೀನ್ ಮಾಡಿ" ಅಂದಳು. ಈ ಏಟಿಗೆ ಯಾವ ಕಲೆಯಲ್ಲೂ ಬ್ಲಾಕ್ ಇಲ್ಲ.

ಸಲಹೆಗೇನೂ ಬರ ಇರಲಿಲ್ಲ. ಕರಾಟೆ ಕಲಿತವರು ಕರಾಟೆ ಬಿಟ್ಟರೆ ಬೇರೆ ಇಲ್ಲ ಅಂದರು. ಬಾಕ್ಸಿಂಗ್ ಕಲಿತವರು ಕರಾಟೆಯೆಲ್ಲ ಬರೀ ಡಾನ್ಸು ಅಂದರು. ಒಂದು ಕಾಲದಲ್ಲಿ ಕುಸ್ತಿ ಆಡಿದ್ದ ನಮ್ಮ ಚಿಕ್ಕಪ್ಪ, "ಇಬ್ಬರನ್ನೂ ಎತ್ತಿ ಹಾಕಿದ್ರೆ ಏನ್ ಮಾಡ್ತಾರೆ ಕೇಳು" ಅಂದರು. ಇಷ್ಟು ವರ್ಷದಲ್ಲಿ ಒಂದು ಸೊಳ್ಳೆಗೂ ಗುರಿಯಿಟ್ಟು ಹೊಡೆಯಲಾಗದ ನನ್ನ ಗೆಳೆಯನೊಬ್ಬ ಮಾತ್ರ, ಬೀದಿಯಲ್ಲಿ ನಾಲ್ಕು ಜನ ಸುತ್ತುವರಿದರೆ ಮೊದಲು ಯಾರನ್ನು ಕೆಡವಬೇಕು, ಯಾವ ಕೈಯಿಂದ, ಯಾಕೆ ಅಂತ ಬಹಳ ಹೊತ್ತು ವಿವರಿಸಿದ. ಏನೂ ಕಲಿಯದವರಿಗೆ ಎಲ್ಲದರ ಬಗ್ಗೆಯೂ ಗಟ್ಟಿ ಅಭಿಪ್ರಾಯ ಇರುತ್ತೆ.

ಯಾವ ಕಲೆ ದೊಡ್ಡದು ಅನ್ನೋದನ್ನು ಒಮ್ಮೆ ನಿಜವಾಗಿಯೂ ಪರೀಕ್ಷೆ ಮಾಡಿ ನೋಡಿದ್ದಾರೆ. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ, ಬೇರೆ ಬೇರೆ ಕಲೆಯವರನ್ನು ಒಂದೇ ಪಂಜರದೊಳಗೆ ಹೊಡೆದಾಡಿಸುವ ಯು.ಎಫ್.ಸಿ. ಅನ್ನುವ ಪಂದ್ಯ ಮೊದಲ ಸಲ ನಡೆಯಿತು. ಬಾಕ್ಸರ್, ಕಿಕ್ ಬಾಕ್ಸರ್, ಸುಮೊ ಪೈಲ್ವಾನ್ ಎಲ್ಲರೂ ಬಂದಿದ್ದರು. ಕೊನೆಗೆ ಗೆದ್ದದ್ದು ಬ್ರೆಜಿಲ್‌ನ ರಾಯ್ಸ್ ಗ್ರೇಸಿ ಅನ್ನುವ ಸಣಕಲು ಆಸಾಮಿ. ಒಂದೇ ಸಂಜೆ ಮೂವರನ್ನು ನೆಲಕ್ಕೆ ಎಳೆದುಕೊಂಡು ಹೋಗಿ ಸೋಲಿಸಿದ. ವಾದ ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಮಿಕ್ಕವರೂ ನೆಲದ ಪಟ್ಟು ಕಲಿತರು, ನೆಲದವರು ಗುದ್ದುವುದು ಕಲಿತರು, ಈಗ ಆ ಪಂಜರದೊಳಗೆ ಹೋಗುವವರೆಲ್ಲ ಎಲ್ಲವನ್ನೂ ಅಷ್ಟಷ್ಟು ಕಲಿತಿರುತ್ತಾರೆ. ನಾನಂತೂ ಪಂಜರದೊಳಗೆ ಹೋಗುವವನಲ್ಲ. ಹಾಗಾಗಿ ನನಗೆ ಬೇಕಾದ ಪ್ರಶ್ನೆ ಬೇರೆ: ಯಾವ ಥರದ ನೋವು ನನಗೆ ಒಗ್ಗುತ್ತೆ? ಕೆಲವು ಕಲೆಗಳಲ್ಲಿ ಹೊಡೆಯುತ್ತಾರೆ, ಕೆಲವದರಲ್ಲಿ ಎತ್ತಿ ಹಾಕುತ್ತಾರೆ, ಕೆಲವದರಲ್ಲಿ ಹಿಂಡುತ್ತಾರೆ. ಯಾರೂ ಮುಟ್ಟದಿದ್ದರೂ ತೊಡೆ ನಡುಗುವ ಕಲೆಗಳೂ ಇವೆ. ಯಾವ ನೋವು ತಿಂದ ಮೇಲೂ ಮುಂದಿನ ವಾರ ತಿರುಗಿ ಹೋಗಬೇಕು ಅನ್ನಿಸುತ್ತದೋ ಅದೇ ನಮ್ಮ ಕಲೆ ಅಂತ ಲೆಕ್ಕ ಹಾಕಿ, ಸಿಕ್ಕ ಸಿಕ್ಕ ಕ್ಲಾಸುಗಳಿಗೆ ಟ್ರಯಲ್ ಹೋಗಲು ಶುರು ಮಾಡಿದೆ.

ಮೊದಲು ಕರಾಟೆ. ಓಕಿನಾವಾ ದ್ವೀಪದ ಕಲೆ. ಅದನ್ನು ಜಪಾನಿನ ಮುಖ್ಯ ಭಾಗಕ್ಕೆ ತಂದು ಹೆಸರು ಮಾಡಿಸಿದವರು ಗಿಚಿನ್ ಫುನಾಕೋಶಿ, 1922ರಲ್ಲಿ. ಶಾಲಾ ಮೇಷ್ಟ್ರು ಅವರು. ಬಹುಶಃ ಅದಕ್ಕೇ ಸಾಲಾಗಿ ನಿಲ್ಲುವ ಶಿಸ್ತು ಜಾಸ್ತಿ. ಬೆಲ್ಟಿನ ಪ್ರಕಾರ ನಿಲ್ಲಬೇಕು. ಬೆಲ್ಟೇ ಇಲ್ಲದ ನಾನು ಟ್ರ್ಯಾಕ್ ಪ್ಯಾಂಟಿನಲ್ಲಿ ಕೊನೆಗೆ ನಿಂತೆ. ನನ್ನ ಮುಂದೆ ಇನ್ನೂ ಹಾಲು ಹಲ್ಲು ಬೀಳದ ಒಬ್ಬ ಹುಡುಗ. ಆ ಲೆಕ್ಕದಲ್ಲಿ ಅವನು ನನಗೆ ಸೀನಿಯರ್. ಮಾಸ್ಟರ್ ಹಸಿರು ಬೆಲ್ಟಿನ ಹುಡುಗಿಯೊಬ್ಬಳನ್ನು ನನಗೆ ಹೇಳಿಕೊಡಲು ಬಿಟ್ಟರು. "ಅಂಕಲ್, ಎಡಗಾಲು ಮುಂದೆ. ಅಲ್ಲ ಅಂಕಲ್, ಅದು ಬಲಗಾಲು." ಬಹಳ ತಾಳ್ಮೆಯ ಮಗು. ಒಂದು ಹಂತದಲ್ಲಿ ನಿಟ್ಟುಸಿರು ಬಿಟ್ಟು, ಬಗ್ಗಿ, ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ಇಟ್ಟಳು.

ಕರಾಟೆಯಲ್ಲಿ ನನಗೆ ಹಿಡಿಸಿದ್ದು ಕಟಾ. ಇಲ್ಲದ ಎದುರಾಳಿಯ ಜೊತೆ, ಗೊತ್ತುಮಾಡಿದ ಕ್ರಮದಲ್ಲಿ ಹೊಡೆದಾಡುವುದು. ಎದುರಾಳಿ ಇಲ್ಲ ಅನ್ನೋದೇ ದೊಡ್ಡ ಸಮಾಧಾನ. ಎದುರಾಳಿ ಇದ್ದರೆ ಏನಾಗುತ್ತೆ ಅಂತ ನೋಡಬೇಕಾದರೆ ಟೋಕಿಯೊ ಒಲಿಂಪಿಕ್ಸಿನ ಗಂಡಸರ ಭಾರಿ ತೂಕದ ಫೈನಲ್ ನೋಡಿ. ಸೌದಿ ಅರೇಬಿಯಾದ ತಾರೆಗ್ ಹಮೆದಿ ಮುಂದಿದ್ದ. ಇರಾನಿನ ಸಜಾದ್ ಗಂಜ್‌ಜಾದೆಯ ತಲೆಗೆ ಒಂದು ಕಿಕ್ ಕೊಟ್ಟ. ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದ, ಸ್ಟ್ರೆಚರ್ ಬಂತು. ಕರಾಟೆ ನಿಯಮದ ಪ್ರಕಾರ ಏಟನ್ನು ಹತೋಟಿಯಲ್ಲಿ ಇಡಬೇಕು. ಅಷ್ಟು ಜೋರಾಗಿ ಹೊಡೆದದ್ದಕ್ಕೆ ಹಮೆದಿಯನ್ನು ಅನರ್ಹ ಮಾಡಿದರು. ಚಿನ್ನ ಬಂದದ್ದು ಮಲಗಿದ್ದವನಿಗೆ! ನನ್ನ ಸಾಮರ್ಥ್ಯಕ್ಕೆ ಹೊಂದುವ ಗೆಲುವಿನ ದಾರಿ ಇದೊಂದೇ ಅನ್ನಿಸಿ ಸ್ವಲ್ಪ ಹುರುಪು ಬಂತು. ಆದರೆ ಮಕ್ಕಳ ಪೋಷಕರ ಸಾಲು ಗೋಡೆಯ ಪಕ್ಕ ಕೂತು ನೋಡುತ್ತಿತ್ತು. ಆ ನೋವು ನನಗೆ ಒಗ್ಗಲಿಲ್ಲ.

ಟೇಕ್ವಾಂಡೋ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅಲ್ಲಿ ಪಂದ್ಯದಲ್ಲಿ ಎದೆಗೆ ಗುದ್ದಿದರೆ 1 ಪಾಯಿಂಟ್, ತಲೆಗೆ ಒದ್ದರೆ 3. ಅಂದರೆ ಕಾಲು ಮೇಲೆ ಹೋಗಬೇಕು ಅಂತ ಲೆಕ್ಕದಲ್ಲೇ ಬರೆದಿಟ್ಟಿದ್ದಾರೆ. ನನ್ನ ಕಾಲು ಸೊಂಟದವರೆಗೆ ಹೋಯಿತು, ಪ್ಯಾಂಟಿನ ಹೊಲಿಗೆ ಅದಕ್ಕಿಂತ ಸ್ವಲ್ಪ ಮೊದಲೇ ಹೋಯಿತು. ಗೋಡೆಗೆ ಬೆನ್ನು ಒತ್ತಿಕೊಂಡು ಅಡ್ಡಡ್ಡ ನಡೆದು ಹೊರಗೆ ಬಂದೆ.

ಬಾಕ್ಸಿಂಗ್ ನನಗೆ ತುಂಬಾ ಇಷ್ಟವಾಯಿತು. ಹಾಳಾಗಿದ್ದು ಹ್ಯಾಂಡ್ ರ್ಯಾಪ್‌ನಿಂದ. ಗ್ಲೌಸಿನೊಳಗೆ ಕೈಗೆ ಸುತ್ತಿಕೊಳ್ಳುವ ಪಟ್ಟಿ ಅದು, ಒಂದೊಂದು ಕೈಗೆ ಸುಮಾರು ನಾಲ್ಕೂವರೆ ಮೀಟರ್. ಹೆಬ್ಬೆರಳಿಗೆ ಹಾಕುವ ಕುಣಿಕೆ ಹೊರಗೆ ಬರುವಂತೆ ಸುರುಳಿ ಸುತ್ತಿಟ್ಟಿರಬೇಕು. ಉಲ್ಟಾ ಸುತ್ತಿದ್ದರೆ ಎಲ್ಲ ಬಿಚ್ಚಿ ಮತ್ತೆ ಶುರು. ಮಿಕ್ಕವರು ಹಗ್ಗದಾಟ ಮುಗಿಸಿ ಬೆವರು ಒರೆಸಿಕೊಳ್ಳುವ ಹೊತ್ತಿಗೆ ನಾನು ನೆಲದ ಮೇಲೆ ಕೂತು ಹಲ್ಲಿನಲ್ಲಿ ಒಂದು ತುದಿ ಕಚ್ಚಿಕೊಂಡು ಇನ್ನೊಂದು ತುದಿ ಹುಡುಕುತ್ತಿದ್ದೆ. ಹೇಗೋ ಬ್ಯಾಗಿಗೆ ನಾಲ್ಕು ಗುದ್ದಿ ಬಂದು, ಖುಷಿಯಲ್ಲಿ ಆ ಪಟ್ಟಿಗಳನ್ನು ಹಾಗೇ ವಾಷಿಂಗ್ ಮೆಷಿನ್‌ಗೆ ಹಾಕಿದೆ. ಅವು ಒಳಗೆ ಸುಮ್ಮನಿರಲಿಲ್ಲ. ಮೆಷಿನ್ ನಿಂತ ಮೇಲೆ ಹೊರಗೆ ಬಂದದ್ದು ಒಂದೇ ಗಂಟು. ಅದರೊಳಗೆ ನನ್ನ ಶರ್ಟು, ಮಗಳ ಯೂನಿಫಾರಂ, ಹೆಂಡತಿಯ ಹೊಸ ದುಪಟ್ಟಾ ಎಲ್ಲ ಒಂದರ ಕೊರಳು ಇನ್ನೊಂದು ಹಿಡಿದುಕೊಂಡಿದ್ದವು. ಬಿಡಿಸಲು ಭಾನುವಾರ ಹೋಯಿತು. ಬಾಕ್ಸಿಂಗ್ ಬೇಡ ಅನ್ನುವ ತೀರ್ಮಾನ ನಾನು ತೆಗೆದುಕೊಂಡದ್ದಲ್ಲ.

ಕಳರಿಪಯಟ್ಟಿಗೂ ಹೋದೆ. ಕೇರಳದ ಈ ಕಲೆಗೆ ಸಾಂಪ್ರದಾಯಿಕವಾಗಿ ನೆಲವನ್ನೇ ಅಗೆದು, 42 ಅಡಿ ಉದ್ದ 21 ಅಡಿ ಅಗಲದ ಕಳ ಮಾಡುತ್ತಾರೆ. ನನ್ನ ಲೆಕ್ಕಾಚಾರ ಏನಪ್ಪಾ ಅಂದರೆ, ನಾನು ಕತ್ತಿ ಗುರಾಣಿ ಹಿಡಿದು ಓಡಾಡುವವನಲ್ಲ, ಬರಿಗೈಯ ವಿದ್ಯೆ ಹೇಳಿಕೊಟ್ಟರೆ ಸಾಕು. ಅಲ್ಲಿ ಗೊತ್ತಾಯಿತು, ಕ್ರಮ ಪೂರ್ತಿ ಉಲ್ಟಾ. ಮೊದಲು ಮೈ ಪಳಗಬೇಕು, ಆಮೇಲೆ ಕೋಲು, ಆಮೇಲೆ ಕಬ್ಬಿಣದ ಆಯುಧ, ಬರಿಗೈ ಎಲ್ಲಕ್ಕಿಂತ ಕೊನೆಗೆ. ಯೋಚನೆ ಮಾಡಿದರೆ ಅದರಲ್ಲಿ ನ್ಯಾಯ ಇದೆ, ಕೈಯಲ್ಲಿ ಏನೂ ಇಲ್ಲದೆ ನಿಲ್ಲುವುದೇ ಎಲ್ಲಕ್ಕಿಂತ ಕಷ್ಟ. ಮೈ ಪಳಗಿಸಲು ಪ್ರಾಣಿಗಳ ಭಂಗಿಗಳಿವೆ: ಆನೆ, ಸಿಂಹ, ಕುದುರೆ, ಹೀಗೆ. ಆನೆಯಲ್ಲಿ ನಿಂತೆ. ಇನ್ನೂ ಕೆಳಗೆ ಅಂದರು, ಹೋದೆ. ಇನ್ನೂ ಸ್ವಲ್ಪ ಅಂದರು, ಹೋದೆ. ಈಗ ಏಳಿ ಅಂದರು. ಅದು ಆಗಲಿಲ್ಲ. ಇಬ್ಬರು ಬಂದು ಎತ್ತಿದರು.

ಹಾಗಾದರೆ ನಿಧಾನದ್ದು ಸರಿ ಅಂತ ತಾಯ್ ಚಿ ಕ್ಲಾಸಿಗೆ ಹೋದೆ. ಅಲ್ಲಿ ಸಾಮಾನ್ಯವಾಗಿ ಹೊಸಬರಿಗೆ ಕಲಿಸುವುದು 24 ಭಂಗಿಗಳ ಒಂದು ಸರಣಿ. ಚೀನಾದಲ್ಲಿ 1956ರಲ್ಲಿ ಜನಸಾಮಾನ್ಯರಿಗೆ ಅಂತ ಚಿಕ್ಕದು ಮಾಡಿದ್ದು. ನಾನು ಬುದ್ಧಿವಂತಿಕೆಯಿಂದ ಕೊನೆಯ ಸಾಲಿನಲ್ಲಿ ನಿಂತು ಮುಂದಿನವರನ್ನು ನೋಡಿ ಮಾಡುತ್ತಿದ್ದೆ. ಎಲ್ಲ ಚೆನ್ನಾಗಿತ್ತು. ಆಮೇಲೆ ಎಲ್ಲರೂ ಮೆಲ್ಲಗೆ ಹಿಂದಕ್ಕೆ ತಿರುಗಿದರು. ಈಗ ನಾನೇ ಮೊದಲ ಸಾಲು. ಎದುರಿಗೆ ಬರೀ ಗೋಡೆ. ಹಿಂದೆ ಇದ್ದವರೆಲ್ಲ ನನ್ನನ್ನು ನೋಡಿ ಮಾಡುತ್ತಿದ್ದಾರೇನೋ ಅನ್ನುವ ಭಯಕ್ಕೆ, ಮೋಡ ಸರಿಸುವ ಥರ ಏನೋ ಒಂದು ಕೈ ಆಡಿಸುತ್ತಾ ಹೋದೆ. ಇಬ್ಬರು ಹೊಸಬರು ನಿಜವಾಗಿಯೂ ನನ್ನನ್ನು ಅನುಸರಿಸಿದ್ದರಂತೆ. ಮಾಸ್ಟರ್‌ಗೆ ಅದನ್ನು ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು. ನಿಧಾನ ಅಂತ ಸಸಾರ ಮಾಡಬೇಡಿ, ಮರುದಿನ ಮೆಟ್ಟಿಲು ಇಳಿಯುವಾಗ ತೊಡೆಗಳು ಒಂದೊಂದು ಮೆಟ್ಟಿಲಿನ ಲೆಕ್ಕ ಒಪ್ಪಿಸುತ್ತವೆ.

ಆಮೇಲೆ ಬ್ರೆಜಿಲಿಯನ್ ಜಿಯು ಜಿಟ್ಸು. ರಾಯ್ಸ್ ಗ್ರೇಸಿಯ ವಿದ್ಯೆ. ಮಲಗಿಕೊಂಡು ಮಾಡುವ ಕಲೆ ಅಂತ ಕೇಳಿ ಆಸೆಯಿಂದ ಹೋಗಿದ್ದೆ. ಮಲಗುವುದು ನಿಜ, ಆದರೆ ಮೇಲೆ ಇನ್ನೊಬ್ಬರು ಇರುತ್ತಾರೆ. ಇದರಲ್ಲಿ ಒಂದು ಒಳ್ಳೆಯ ನಿಯಮ ಇದೆ: ತಡೆಯಲಾಗದಿದ್ದರೆ ಎದುರಾಳಿಯ ಮೈ ಮೇಲೆ ಅಥವಾ ಮ್ಯಾಟ್ ಮೇಲೆ ತಟ್ಟಬೇಕು, ತಟ್ಟಿದ ಕೂಡಲೇ ಅವರು ಬಿಡಲೇಬೇಕು. ನನಗೆ ಜೋಡಿಯಾದವನು ಬಹಳ ಮರ್ಯಾದಸ್ಥ ಹುಡುಗ. ಮೆಲ್ಲಗೆ ಬಂದು ನನ್ನ ಎದೆ ಮೇಲೆ ಒರಗಿದ. ತಟ್ಟಿದೆ. ತಕ್ಷಣ ಎದ್ದು ಗಾಬರಿಯಿಂದ, "ಸಾರ್, ನಾನಿನ್ನೂ ಏನೂ ಮಾಡಿಲ್ಲ" ಅಂದ.

ಕೊನೆಗೆ ಉಳಿದದ್ದು ಜೂಡೋ. ಅಲ್ಲಿ ಟ್ರಯಲ್‌ಗೆ ಬಂದವರಿಗೂ ಅಂಗಿ ಕೊಡುತ್ತಾರೆ, ಯಾಕೆಂದರೆ ಆಟವೆಲ್ಲ ಅಂಗಿ ಹಿಡಿದು ನಡೆಯುವುದೇ. ಗೋಣಿಚೀಲದಷ್ಟು ದಪ್ಪದ ಅಂಗಿ. ಗುಂಡಿ ಇಲ್ಲ. ಎಡಭಾಗವನ್ನು ಮೊದಲು ಒಳಗೆ ಎಳೆದುಕೊಂಡು, ಬಲಭಾಗ ಅದರ ಮೇಲೆ ಹೊದ್ದು, ಬೆಲ್ಟು ಬಿಗಿದುಕೊಂಡು ಠೀವಿಯಿಂದ ಬಂದೆ. ಅಲ್ಲಿದ್ದ ಒಬ್ಬ ಹಿರಿಯರು ಓಡಿ ಬಂದರು. "ಸಾರ್ ಸಾರ್, ಎಡಗಡೆಯದು ಮೇಲೆ ಬರಬೇಕು. ಹೀಗೆ ಬಲಗಡೆಯದು ಮೇಲೆ ಹಾಕೋದು ಜಪಾನಿನಲ್ಲಿ ಹೆಣಕ್ಕೆ ಮಾತ್ರ." ಬಿಚ್ಚಿ ಸರಿಯಾಗಿ ಹಾಕಿಕೊಂಡೆ. ಕ್ಲಾಸು ಮುಗಿಯುವ ಹೊತ್ತಿಗೆ, ಮೊದಲು ಹಾಕಿದ್ದೇ ಸರಿಯಾಗಿತ್ತು ಅನ್ನಿಸಿತು.

ಯಾಕೆಂದರೆ ಮೊದಲ ದಿನ ಪೂರ್ತಿ ಬೀಳುವುದೇ ಕೆಲಸ. ಎತ್ತಿ ಹಾಕುವುದು ಆಮೇಲೆ. ಕುಕ್ಕರಗಾಲಲ್ಲಿ ಕೂತು ಹಿಂದಕ್ಕೆ ಉರುಳಬೇಕು. ಗಲ್ಲ ಎದೆಗೆ ಅಂಟಿರಬೇಕು, ಕಣ್ಣು ಸ್ವಂತ ಬೆಲ್ಟಿನ ಗಂಟು ನೋಡುತ್ತಿರಬೇಕು. ಹಾಗಿದ್ದರೆ ತಲೆ ನೆಲಕ್ಕೆ ಬಡಿಯುವುದಿಲ್ಲ. ಬೆನ್ನು ನೆಲ ಮುಟ್ಟುವ ಕ್ಷಣಕ್ಕೆ ಎರಡೂ ತೋಳನ್ನು ಚಾಚಿ ಮ್ಯಾಟಿಗೆ ಪಟಾರನೆ ಬಡಿಯಬೇಕು, ಉಸಿರು ಹೊರಗೆ ಬಿಡಬೇಕು. ಮೊಣಕೈ ಊರಿದರೆ ಕೆಟ್ಟಿರಿ. ನಾನು ಬಡಿದ ಸದ್ದು ಎಷ್ಟು ಜೋರಾಗಿ ಬಂತು ಅಂದರೆ, ಪಕ್ಕದಲ್ಲಿದ್ದವರು "ಏನಾಯ್ತು?" ಅಂತ ತಿರುಗಿ ನೋಡಿದರು. ಏನೂ ಆಗಿರಲಿಲ್ಲ. ಅಷ್ಟೂ ಟ್ರಯಲ್ಲುಗಳಲ್ಲಿ ನಾನು ಸರಿಯಾಗಿ ಮಾಡಿದ್ದು ಅದೊಂದೇ.

ಈ ಕಲೆ ಶುರು ಮಾಡಿದ ಜಿಗೋರೊ ಕಾನೊ ಕೂಡ ಕುಳ್ಳ. ಶಾಲೆಯಲ್ಲಿ ದೊಡ್ಡ ಹುಡುಗರ ಕೈಲಿ ಒದೆ ತಿಂದು, ಜುಜುತ್ಸು ಅನ್ನುವ ಜಪಾನಿನ ಹಳೆಯ ಸಮರ ಕಲೆ ಕಲಿಯಲು ಹೊರಟವರು. 1882ರಲ್ಲಿ ಟೋಕಿಯೊದ ಒಂದು ದೇವಸ್ಥಾನದಲ್ಲಿ, 12 ಚಾಪೆ ಹಾಸುವಷ್ಟು ಜಾಗದಲ್ಲಿ ತಮ್ಮದೇ ಶಾಲೆ ಶುರು ಮಾಡಿದರು. 1964ರ ಹೊತ್ತಿಗೆ ಅದು ಒಲಿಂಪಿಕ್ಸಿಗೆ ಹೋಯಿತು. ಕಪ್ಪು ಬೆಲ್ಟು ಅವರ ಶಾಲೆಯಲ್ಲೇ ಹುಟ್ಟಿದ್ದು, ಕರಾಟೆಯವರು ಅಲ್ಲಿಂದ ತೆಗೆದುಕೊಂಡರು. ಮಕ್ಕಳು ಆಸೆಪಡುವ ಬಣ್ಣ ಬಣ್ಣದ ಬೆಲ್ಟುಗಳು ಆಮೇಲೆ ಯುರೋಪಿನಲ್ಲಿ ಬಂದವು. ಕಾನೊ ಹೇಳಿದ್ದು, ಇರುವ ಶಕ್ತಿಯನ್ನು ದಂಡ ಮಾಡದೆ ಸರಿಯಾಗಿ ಬಳಸಿ ಅಂತ. ಅವನು ತಳ್ಳಿದರೆ ನೀನು ಎಳಿ. ನನ್ನಂಥ ಸೋಮಾರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಕಷ್ಟ ಏನಂದರೆ, ಎದುರಿಗೆ ಇರುವವರಿಗೂ ಇದನ್ನೇ ಹೇಳಿಕೊಟ್ಟಿರುತ್ತಾರೆ. ಇಬ್ಬರೂ ಇನ್ನೊಬ್ಬರು ತಳ್ಳಲಿ ಅಂತ ಕಾಯುತ್ತಾ, ಅಂಗಿ ಹಿಡಿದುಕೊಂಡು, ಸುತ್ತುತ್ತಾ ಇರುತ್ತೇವೆ.

ನಾನು ಜೂಡೋಗೇ ಸೇರಿದ್ದಕ್ಕೆ ಕಾರಣ ಕಾನೊ ಅಲ್ಲ. ಅಲ್ಲಿ ನನಗಿಂತ ಜಾಸ್ತಿ ವಯಸ್ಸಿನವರು ಇಬ್ಬರಿದ್ದರು, ಬಹಳ ವರ್ಷದಿಂದ ಬರುತ್ತಿದ್ದವರು, ಇಬ್ಬರೂ ಕುಂಟದೆ ನಡೆಯುತ್ತಿದ್ದರು. ಯಾವ ಕ್ಲಾಸಿಗೆ ಹೋದರೂ ಗೋಡೆ ಮೇಲಿನ ಸರ್ಟಿಫಿಕೇಟ್ ನೋಡಬೇಡಿ, ಹಳಬರ ಮೊಣಕಾಲು ನೋಡಿ. ಹೊಸಬರನ್ನು ಹಳಬರು ಹೇಗೆ ಹಿಡಿಯುತ್ತಾರೆ ನೋಡಿ. ಒಂದು ದಿನ ಸುಮ್ನೆ ಕೂತು ನೋಡ್ತೀನಿ ಅಂದರೆ ಮಾಸ್ಟರ್ ಮುಖ ಗಂಟಿಕ್ಕಿದರೆ ವಾಪಸ್ ಬನ್ನಿ. ಭುಜ ಮೊದಲೇ ಕೆಟ್ಟಿದ್ದರೆ ಜೂಡೋಗೆ ಸೇರುವ ಮುಂಚೆ ಡಾಕ್ಟರನ್ನು ಕೇಳಿ. ಆತ್ಮರಕ್ಷಣೆಗೇ ಕಲಿಯುತ್ತೀರಾದರೆ ಯಾವ ಹೆಸರಿನ ಕಲೆಯಾದರೂ ಇರಲಿ, ಬಿಡದೆ ಎದುರಾಡುವ ಜೋಡಿಯ ಜೊತೆ ಅಭ್ಯಾಸ ಮಾಡಿಸುತ್ತಾರಾ ಅಂತ ನೋಡಿ. ಗಾಳಿಗೆ ಗುದ್ದಿ ಗುದ್ದಿ ಗಾಳಿಯನ್ನು ಸೋಲಿಸಬಹುದು, ಅಷ್ಟೇ. ಮತ್ತೆ ಕ್ಲಾಸಿನ ಟೈಮು! ಜಗತ್ತಿನ ಅತಿ ದೊಡ್ಡ ಕಲೆಯೇ ಆಗಲಿ, ಬೆಳಿಗ್ಗೆ ಐದಕ್ಕೆ ಇದ್ದರೆ ಅದು ನನ್ನದಲ್ಲ.

ಸೊಳ್ಳೆ ಹೊಡೆಯದ ಗೆಳೆಯ ಈಗಲೂ ಸಿಕ್ಕಾಗಲೆಲ್ಲ, ಜೂಡೋ ಬೀದಿಯಲ್ಲಿ ಕೆಲಸಕ್ಕೆ ಬರಲ್ಲ ಕಣೋ ಅಂತಾನೆ. ಅಂಗಿ ಹಾಕಿಕೊಂಡು ಬಾ, ತೋರಿಸ್ತೀನಿ ಅಂತೀನಿ. ಬರಲ್ಲ. ಇವತ್ತು ಸಂಜೆ ನನಗೆ ಜೋಡಿ ಹಾಕಿರುವುದು ಹೊಸದಾಗಿ ಸೇರಿದ, ನನಗಿಂತ ಒಂದೂವರೆ ಪಟ್ಟು ತೂಕದ ಮನುಷ್ಯನನ್ನು. ಅವರಿಗೆ ಇನ್ನೂ ಬೀಳಲು ಸರಿಯಾಗಿ ಬರಲ್ಲ, ಹಾಗಾಗಿ ಬೀಳುವ ಪಾಳಿ ಪೂರ್ತಿ ನನ್ನದೇ. ಮ್ಯಾಟ್ ಮೇಲೆ ಹೋಗುವ ಮುಂಚೆ ಉಗುರು ಚಿಕ್ಕದಾಗಿರಬೇಕು ಅನ್ನುವುದು ಅಲ್ಲಿನ ನಿಯಮ, ಕೈದೂ ಕಾಲಿಂದೂ. ಕೈದು ಆಯಿತು. ಕಾಲಿನದು ಬಾಕಿ ಇದೆ, ಬಗ್ಗಿದರೆ ಬೆನ್ನು ಹಿಡಿಯುತ್ತೆ.