ವೋಟ್ ಹಾಕದವ್ರ ರೇಷನ್ ಬಂದ್ ಮಾಡ್ಬೇಕಂತ

ಇವತ್ತ ಜನವರಿ 25, ರಾಷ್ಟ್ರೀಯ ಮತದಾರರ ದಿನ. ಎಲ್ಲಾ ಕಡೆ ಆದಂಗ ನಮ್ಮಲ್ಲೂ ಜಾಥಾ ಆತು, ಪ್ರತಿಜ್ಞೆ ಆತು, ಆಮ್ಯಾಲೆ ಭಾಷಣ. ಅದರಾಗ ಒಬ್ಬ ಹಿರಿಯರು ಮೈಕ್ ಹಿಡ್ದು "ವೋಟ್ ಹಾಕದವ್ರ ರೇಷನ್ ಕಾರ್ಡ್ ರದ್ದು ಮಾಡ್ರಿ, ಗೃಹಲಕ್ಷ್ಮಿ ಬಂದ್ ಮಾಡ್ರಿ, ಆವಾಗ ನೋಡ್ರಿ ಹೆಂಗ ಓಡಿ ಬರ್ತಾರ" ಅಂದ್ರು. ಚಪ್ಪಾಳಿ ಅಂದ್ರ ಚಪ್ಪಾಳಿ. ನನ್ನ ಬಾಜೂಕ ನಿಂತ ಮಾಸ್ತರ್ರೂ ಹೊಡದ್ರು. ನಾ ಹೊಡೀಲಿಲ್ಲ. ಮನಿಗೆ ಬಂದು ತಾಸು ಹೊತ್ತಾದ್ರೂ ಸಿಟ್ಟು ಇಳಿವಲ್ದು, ಅದಕ್ಕ ಬರೀಲಾಕತ್ತೀನಿ.

ಯಾರ ರೇಷನ್ ಬಂದ್ ಮಾಡ್ತೀರಿ? ನಾ ವಿಜಯಪುರ ಜಿಲ್ಲಾದ ಒಂದು ತಾಂಡಾದ ಸಾಲ್ಯಾಗ ಕಲಿಸ್ತೀನಿ, ಈ ಜನವರಿ ತಿಂಗಳದಾಗ ನಮ್ಮ ತಾಂಡಾಕ್ಕ ಬಂದು ನೋಡ್ರಿ, ಅರ್ಧ ಮನಿಗೆ ಕೀಲಿ, ಉಳದ ಮನ್ಯಾಗ ಮುದುಕ ಮುದುಕಿ ಮತ್ತ ಸಾಲಿಗೆ ಹೋಗೋ ಹುಡುಗ್ರು. ದುಡಿಯೋ ಮಂದಿ ಎಲ್ಲಾ ಗುಳೆ ಹೋಗ್ಯಾರ. ಒಂದಿಷ್ಟು ಮಂದಿ ಕಬ್ಬಿನ ಗ್ಯಾಂಗಿನ್ಯಾಗ ಸಾಂಗ್ಲಿ, ಕೊಲ್ಲಾಪುರ ಕಡೆ, ಒಂದಿಷ್ಟು ಮಂದಿ ಇಲ್ಲೇ ಮುಧೋಳ, ಜಮಖಂಡಿ ಕಡೆ, ಮತ್ತ ಗೌಂಡಿ ಕೆಲಸದವ್ರು, ಸೆಂಟ್ರಿಂಗ್ ಕೆಲಸದವ್ರು ಗೋವಾ, ರತ್ನಾಗಿರಿ. ಮತದಾನ ನಮ್ಮ ಹಕ್ಕು ಅಂತ ಬೋರ್ಡ್ ಹಿಡ್ಕೊಂಡು ನಾವು ಯಾರ ಮನಿ ಮುಂದ ಹಾದ್ವಿ, ಆ ಮನ್ಯಾಗ ಕೇಳಾವ್ರ ಇಲ್ಲ.

2024ರ ಲೋಕಸಭಾ ಎಲೆಕ್ಷನ್ ನೆನಪು ಮಾಡ್ಕೋರಿ. ನಮ್ಗ ಮೇ 7ಕ್ಕ ಮತದಾನ. ಗೋವಾಕ್ಕೂ ಅದೇ ಮೇ 7, ಕೊಲ್ಲಾಪುರ, ಸಾಂಗ್ಲಿ, ರತ್ನಾಗಿರಿಗೂ ಅದೇ ದಿನ. ಅಂದ್ರ ಮುದ್ದೇಬಿಹಾಳ ಕಡೆ ಮನಷ್ಯಾ ವಾಸ್ಕೋದಾಗ ತನ್ನ ಶೆಡ್ಡಿನ ಬಾಜೂ ಸಾಲ್ಯಾಗ ಮಂದಿ ಪಾಳಿ ಹಚ್ಚಿದ್ದು ನೋಡ್ತಾನ, ಇವಾ ಮಾತ್ರ ಒಳಗ ಹೋಗೂವಂಗಿಲ್ಲ, ಯಾಕಂದ್ರ ಇವನ ಹೆಸರು ಇರೋದು ಊರಾಗ. ಮೇ ಮೊದಲ ವಾರ ಅಂದ್ರ ಬ್ಯಾರೆ ಲೆಕ್ಕ ಐತಿ. ಗೋವಾದವ್ರು ಮುಂಗಾರಿ ಬಿತ್ತಿಗೆಗೆ ಊರಿಗೆ ಬರಾವ್ರು, ಅದಕ್ಕ ಇನ್ನಾ ಹದಿನೈದು ಇಪ್ಪತ್ತು ದಿನ ಇರ್ತೈತಿ. ವೋಟಿಗೆ ಒಮ್ಮೆ ಬಂದು, ತಿರುಗಿ ಹೋಗಿ, ಮತ್ತ ಬಿತ್ತಿಗೆಗೆ ಬರೂದು ಅಂದ್ರ ಗಂಡ ಹೆಂಡತಿ ಇಬ್ಬರದೂ ಎರಡು ಮೂರು ದಿನದ ಪಗಾರ ಹೋತು, ಬಸ್ ಚಾರ್ಜ್ ಮ್ಯಾಲೆ ಮತ್ತ. ಹೆಣ್ಮಕ್ಕಳಿಗೆ ಶಕ್ತಿ ಯೋಜನೆ ಐತಲ್ರೀ ಅಂದ್ರು ಒಬ್ರು. ಶಕ್ತಿ ಯೋಜನೆ ರಾಜ್ಯದ ಒಳಗ ಮಾತ್ರ, ಗೋವಾ ಬಸ್ಸಿಗೆ ನಡ್ಯಂಗಿಲ್ಲ.

ಮತದಾನದ ದಿನ ಪಗಾರ ಕೊಟ್ಟು ರಜಾ ಕೊಡ್ಬೇಕು ಅಂತ ಪ್ರಜಾಪ್ರಾತಿನಿಧ್ಯ ಕಾಯ್ದೆಯೊಳಗ ಕಲಂ 135ಬಿ ಐತಿ, ದಿನಗೂಲಿ ಮಾಡಾವ್ರಿಗೂ ಅದು ಹತ್ತತೈತಿ. ಕೊಡದಿದ್ರ ಮಾಲಕನಿಗೆ ದಂಡ ಎಷ್ಟು ಗೊತ್ತೇನ್ರಿ? ಹೆಚ್ಚಂದ್ರ 500 ರೂಪಾಯಿ. ಒಬ್ಬ ಗೌಂಡಿಯ ಒಂದು ದಿನದ ಕೂಲಿನೂ ಆಗಂಗಿಲ್ಲ ಅದು. ಕೂಲಿ ಮಾಡಾಂವ ಬರದಿದ್ರ ರೇಷನ್ ಕಸ್ಕೋಬೇಕು ಅಂತೀರಿ, ರಜಾ ಕೊಡದ ಮಾಲಕನ ಸುದ್ದಿ ಮಾತ್ರ ಯಾವ ಭಾಷಣದಾಗೂ ಬರಂಗಿಲ್ಲ.

ಈಗ ನೀವು ಅಂತೀರಿ, ಗ್ರಾಮ ಪಂಚಾಯ್ತಿ ಎಲೆಕ್ಷನ್ನಿಗೆ ಬರ್ತಾರಲ್ಲ, ಜಾತ್ರಿಗೆ ಬರ್ತಾರಲ್ಲ ಅಂತ. ಬರ್ತಾರ, ಖರೇ. 2020ರ ಡಿಸೆಂಬರದಾಗ ಪಂಚಾಯ್ತಿ ಎಲೆಕ್ಷನ್ ಆದಾಗ ರಾಜ್ಯದಾಗ 80 ಪರ್ಸೆಂಟ್ ಆಸುಪಾಸು ಮತದಾನ ಆಗಿತ್ತು. ಯಾಕಂದ್ರ ಅಲ್ಲಿ ಐದು ಹತ್ತು ವೋಟಿನ್ಯಾಗ ಗೆಲ್ಲೂದು ಸೋಲೂದು, ಅದಕ್ಕ ನಿಂತಾವ್ರು ಸ್ವಂತ ರೊಕ್ಕದಾಗ ಕ್ರೂಸರ್ ಮಾಡಿ ಗೋವಾದಿಂದ ಕರ್ಕೊಂಡು ಬರ್ತಾರ. ಊಟ, ಚಾ, ತಿರುಗಿ ಬಿಟ್ಟು ಬರೂದು ಎಲ್ಲಾ ಅವ್ರದ. ಲೋಕಸಭಾ, ವಿಧಾನಸಭಾದಾಗ ಹಂಗ ಬಾಡಿಗಿ ಗಾಡ್ಯಾಗ ಪುಕಟ ಮತದಾರರನ್ನ ಬೂತಿಗೆ ತರೂದು ಭ್ರಷ್ಟ ಆಚರಣೆ, ಅದೇ ಕಾಯ್ದೆಯ ಕಲಂ 123ರಾಗ ಬರದೈತಿ. ಕಾಯ್ದೆ ಸರಿ ಐತಿ, ನಂದೇನೂ ತಕರಾರಿಲ್ಲ, ಗಾಡಿ ಹತ್ತಿಸ್ಕೊಂಡು ಬಂದಾಂವ "ಯಾರಿಗೆ ಒತ್ತಬೇಕು" ಅಂತ ಹೇಳದ ಬಿಡ್ತಾನೇನು. ಆದ್ರ ಅಭ್ಯರ್ಥಿ ಗಾಡಿ ಬ್ಯಾಡ ಅಂದ ಸರ್ಕಾರ ತಾನು ಗಾಡಿ ಕಳಸ್ತೈತೇನು? ಇಲ್ಲ. ಮತ್ತ ಅವಾ ನಡ್ಕೊಂಡು ಬರ್ಬೇಕೇನ್ರಿ?

ಇಲೆಕ್ಷನ್ ಡ್ಯೂಟಿ ಮಾಡಿದ ನನ್ನಂಥ ಮಾಸ್ತರ್ರಿಗೆಲ್ಲಾ ಎಎಸ್‌ಡಿ ಪಟ್ಟಿ ಗೊತ್ತು. ಊರಾಗ ಇಲ್ಲದವ್ರು, ಊರು ಬಿಟ್ಟವ್ರು, ಸತ್ತವ್ರು, ಮೂರೂ ಒಂದ ಪಟ್ಟಿ. ಆ ಪಟ್ಟ್ಯಾಗ ಇದ್ದವ್ರು ಬಂದ್ರ ಗುರುತು ಎರಡೆರಡು ಸಲ ನೋಡ್ಬೇಕು, ರಿಜಿಸ್ಟರದಾಗ ಸಹಿ ಸಾಲಂಗಿಲ್ಲ, ಹೆಬ್ಬೆಟ್ಟೂ ಒತ್ತಿಸ್ಕೋಬೇಕು. ಆ ಮೇ 7ರ ಸಂಜಿ ಮುಂದ, ಇನ್ನೇನು ಬಾಗಲಾ ಹಾಕ್ಬೇಕು ಅನ್ನೂದ್ರಾಗ ಒಬ್ಬಾಕಿ ಬಂದ್ಲು, ಬಗಲಾಗ ಕೂಸು, ಕಾಲಾಗ ಸಿಮೆಂಟಿನ ಧೂಳಿನ ಚಪ್ಪಲಿ. ಗುತ್ತಿಗೆದಾರ ಗಂಡಗ ರಜಾ ಕೊಟ್ಟಿಲ್ಲ, ಈಕಿ ಒಬ್ಬಾಕಿನ ರಾತ್ರಿ ಬಸ್ ಹತ್ತಿ, ನಡುವ ಬಸ್ ಬದಲಿ ಮಾಡ್ಕೊಂತ ಬಂದಾಳ. ಹೆಸರು ಎಎಸ್‌ಡಿ ಪಟ್ಟ್ಯಾಗ. ನಮ್ಮ ಸಿಬ್ಬಂದಿ ಗುರುತಿನ ಚೀಟಿ ತಿರುವಿ ತಿರುವಿ ನೋಡಿದ್ದಕ್ಕ "ಸರ, ನಾ ಸತ್ತಿಲ್ರೀ, ದುಡಿಲಾಕ ಹೋಗಿದ್ನಿ" ಅಂದ್ಲು. ಹೆಬ್ಬೆಟ್ಟು ಒತ್ತಿಸ್ಕೊಂಡ್ವಿ, ಬೆರಳಿಗೆ ಶಾಯಿ ಹಚ್ಚಿದ್ವಿ. ಒತ್ತಿದ ಮ್ಯಾಲೆ ವೋಟ್ ಯಾರಿಗೆ ಬಿತ್ತು ಅಂತ ತೋರ್ಸೋ ವಿವಿಪ್ಯಾಟ್ ಚೀಟಿ ಏಳು ಸೆಕೆಂಡ್ ಕಾಣತೈತಿ, ಆಕಿ ಅದು ಕೆಳಗ ಬೀಳೂ ಮಟ ನಿಂತು ನೋಡಿ ಹೊರಗ ಬಂದ್ಲು. ಇಷ್ಟಕ್ಕ ಯಾಕ ಬಂದೆವ್ವಾ ಅಂತ ಕೇಳಿದ್ರ, "ಪಟ್ಟ್ಯಾಗ ಹೆಸರು ಹೋದ್ರ ಊರಾಗ ನಾ ಯಾರ್ರೀ ಮತ್ತ" ಅಂದ್ಲು.

ಅದಕ್ಕ ನಂಗ "ಗೋವಾದಾಗ ಹೆಸರು ಹಾಕಿಸ್ಕೋಬೇಕಪ್ಪಾ, ಹೆಸರು ಬ್ಯಾರೆ ಕಡೆ ಬದಲಿ ಮಾಡಿಸ್ಕೊಳ್ಳಾಕ ಫಾರ್ಮ್ 8 ಐತಲ್ಲ" ಅನ್ನಾವ್ರ ಮಾತು ಕೇಳಿದ್ರ ಮೈ ಉರಿತೈತಿ. ಪತ್ರಾಸ್ ಶೆಡ್ಡಿಗೆ ವಿಳಾಸ ಎಲ್ಲಿಂದ ತರ್ತಾನ? ಈ ವರ್ಷ ವಾಸ್ಕೋ, ಮುಂದಿನ ವರ್ಷ ಮಾಪ್ಸಾ. ಮನಿ, ಹೊಲ, ಮುದಿ ತಾಯಿ, ರೇಷನ್, ಹುಡುಗ್ರ ಸಾಲಿ ಎಲ್ಲಾ ಇಲ್ಲಿ, ಅವ್ನ ಊರಿನ ನೀರು ರಸ್ತಾ ನೋಡಾಂವ ಇಲ್ಲಿ ಗೆಲ್ಲಾಂವ. ವೋಟೂ ಇಲ್ಲೇ ಬೇಕು ಅನ್ನೂದು ನ್ಯಾಯ ಅಲ್ಲೇನು?

ಬೆಂಗಳೂರು ದಕ್ಷಿಣದಾಗ ಅದೇ ಲೋಕಸಭಾ ಎಲೆಕ್ಷನ್ನಿಗೆ 53 ಪರ್ಸೆಂಟ್ ಆತು. ನಮ್ಮ ವಿಜಯಪುರದಾಗ 66. ಕಬ್ಬು, ನೀರು ಇರೋ ಚಿಕ್ಕೋಡಿಯೊಳಗ 78. ಬೆಂಗಳೂರಾಗ ಬೂತ್ ಓಣ್ಯಾಗ ಐತಿ, ಪಗಾರದ ರಜಾ ಐತಿ, ಆದ್ರೂ ಬರಂಗಿಲ್ಲ. ಅವ್ರ ಗ್ಯಾಸ್ ಬಂದ್ ಮಾಡ್ರಿ ಅಂತ ಯಾರಾದ್ರೂ ಅಂದಿದ್ದು ಕೇಳೀರೇನು? ಬಡವಂದೇ ಯಾಕ ನೆನಪಾಗತೈತಿ ನಿಮ್ಗ? ಗುಜರಾತದಾಗ ಸ್ಥಳೀಯ ಸಂಸ್ಥೆ ಚುನಾವಣಿಗೆ ಕಡ್ಡಾಯ ಮತದಾನ ಅಂತ ತಂದ್ರು, 2015ರಾಗ ಅಲ್ಲಿಯ ಹೈಕೋರ್ಟೇ ತಡೆ ಕೊಟ್ತು. ಆಸ್ಟ್ರೇಲಿಯಾ ನೋಡ್ರಿ ಅಂತಾರ, ನೋಡೂಣು ಬರ್ರಿ, ಅಲ್ಲಿ 1924ರಿಂದ ಕಡ್ಡಾಯ ಐತಿ, ದಂಡಾನೂ ಐತಿ, ಆದ್ರ ಅಲ್ಲಿ ಎಲೆಕ್ಷನ್ ಶನಿವಾರ ಇಡ್ತಾರ, ಮೊದಲ ಹೋಗಿ ಹಾಕಬಹುದು, ಅಂಚೆಯೊಳಗ ಕಳಸಬಹುದು. ಅಷ್ಟು ಅನುಕೂಲ ಮಾಡಿಕೊಟ್ಟು ಆಮ್ಯಾಲೆ ದಂಡ ಕೇಳ್ತಾರ. ನೀವು ದಂಡ ಅಷ್ಟ ತಂದ್ರಿ.

ದುಡಿಯೋ ಜಾಗದಿಂದನ ಊರಿನ ವೋಟ್ ಹಾಕ್ಸೂದು ಆಗೂದ ಇಲ್ಲ ಅನ್ಬ್ಯಾಡ್ರಿ. ಮಿಲಿಟರಿಯವ್ರಿಗೆ ಅಂಚೆ ಮತ ಐತಿ. 85 ದಾಟಿದವ್ರ ಮನಿಗೇ ಹೋಗಿ ವೋಟ್ ತಗೊಂಡು ಬರ್ತೀವಿ. ಕಣಿವೆ ಬಿಟ್ಟು ಬಂದ ಕಾಶ್ಮೀರಿ ಪಂಡಿತರಿಗೆ ಜಮ್ಮು, ಉಧಂಪುರ, ದಿಲ್ಲಿಯೊಳಗ ವಿಶೇಷ ಬೂತ್ ಹಾಕಿ ಅವ್ರವ್ರ ಕ್ಷೇತ್ರಕ್ಕ ಮತ ಹಾಕಿಸ್ಲಾಕತ್ತು ವರ್ಷಗಳಾದ್ವು. ಚುನಾವಣಾ ಆಯೋಗದವ್ರೇ 2022ರ ಡಿಸೆಂಬರದಾಗ ದೂರದಿಂದ ಮತ ಹಾಕೋ ಮಷೀನ್ ತಯಾರು ಮಾಡೇವಿ, ಒಂದು ಬೂತಿನಿಂದ 72 ಕ್ಷೇತ್ರಕ್ಕ ಮತ ಹಾಕಿಸಬಹುದು ಅಂತ ಹೇಳಿದ್ರು, 2019ರಾಗ 30 ಕೋಟಿಗೂ ಹೆಚ್ಚು ಮಂದಿ ವೋಟ್ ಹಾಕಿಲ್ಲ ಅಂತ ಅವ್ರೇ ಬರದಿದ್ರು. 2023ರ ಜನವರಿಯೊಳಗ ಪಕ್ಷದವ್ರನ್ನ ಕರದ್ರು. ವಲಸಿಗ ಅಂದ್ರ ಯಾರು, ಅಲ್ಲಿ ಏಜೆಂಟ್ ಯಾರು ಕೂಡ್ತಾರ, ಬ್ಯಾರೆ ರಾಜ್ಯದಾಗ ನೀತಿ ಸಂಹಿತೆ ಯಾರು ನೋಡ್ಕೋತಾರ ಅಂತ ಪ್ರಶ್ನೆ ಬಂದ್ವು, ಒಮ್ಮತ ಆಗ್ಲಿಲ್ಲ. 2024ರ ಎಲೆಕ್ಷನ್ ಅದಿಲ್ದನ ಮುಗೀತು. ಪ್ರಶ್ನೆ ಕೇಳಿದ್ದು ತಪ್ಪಲ್ಲ, ಆದ್ರ ಪ್ರಶ್ನೆ ಕೇಳಿದವ್ರು ಉತ್ತರ ಹುಡಕ್ಲಿಲ್ಲ, ನಮ್ಮ ಜಿಲ್ಲಾದ ಲೀಡರ್‌ಗಳು ಯಾವ ಪಕ್ಷದವ್ರ ಇರ್ಲಿ, ನಮ್ಮ ಮಂದಿ ಗೋವಾದಾಗ ಅದಾರ, ಅವ್ರ ಸಲುವಾಗಿ ಬೇಕು ಅಂತ ಗಟ್ಟ್ಯಾಗಿ ಕೇಳಿದ್ದು ನಾ ಎಲ್ಲೂ ಓದಿಲ್ಲ.

ಆ ಮಷೀನ್ ಆಗೂ ಮಟ ಹಳೇ ಪೇಪರ್ ಬ್ಯಾಲೆಟ್ಟೇ ಇರ್ಲಿ. ವಾಸ್ಕೋದಾಗ ಒಂದು, ಮಡಗಾಂವದಾಗ ಒಂದು, ಕೊಲ್ಲಾಪುರದಾಗ ಒಂದು ಬೂತ್ ಹಾಕ್ರಿ. ಡ್ಯೂಟಿಗೆ ಮಂದಿ ಸಿಗಂಗಿಲ್ಲ ಅಂದ್ರ ನನ್ನ ಹೆಸರು ಮೊದಲ ಬರ್ಕೋರಿ, ಬ್ಯಾಸಿಗಿ ರಜಾದಾಗ ಇದ್ರೂ ಬರ್ತೀನಿ.