ಸತ್ಯಾಂಶ: ಹೊಲ ಬೀಳು ಬಿಟ್ಟರೆ ಜಂತುಹುಳು ನಿರ್ನಾಮವಾಗುತ್ತದೆಯೇ?

ಬೇಸಿಗೆ ಬಂತೆಂದರೆ ಕೊಪ್ಪಳ, ಕುಷ್ಟಗಿ ಕಡೆಯ ದಾಳಿಂಬೆ ಬೆಳೆಗಾರರ ಮೊಬೈಲಿಗೆ ಅದೇ ಸಂದೇಶ: ಒಂದು ಹಂಗಾಮು ಹೊಲ ಬೀಳು ಬಿಡಿ, ಬೇರುಗಂಟು ಜಂತುಹುಳು (ಮಣ್ಣಲ್ಲಿದ್ದು ಬೇರು ಹೊಕ್ಕು ಗಂಟು ಎಬ್ಬಿಸುವ ಸೂಕ್ಷ್ಮ ಹುಳು) ಹಸಿದು ನಿರ್ನಾಮವಾಗುತ್ತದೆ. ಖರ್ಚಿಲ್ಲದ ಉಪಾಯ, ಹಂಚಿಕೊಳ್ಳುವುದು ಸಹಜ. ಆದರೆ ಇದು ಅರ್ಧ ನಿಜ. ಹುಳುಗಳ ಸಂಖ್ಯೆ ಇಳಿಯುತ್ತದೆ, ವಂಶ ಅಳಿಯುವುದಿಲ್ಲ.

ಹಸಿವು ಈ ಜೀವಿಗಳಿಗೆ ಹೊಸದಲ್ಲ. ಇದೇ ಗುಂಪಿಗೆ ಸೇರಿದ, ಪ್ರಯೋಗಾಲಯಗಳಲ್ಲಿ ಸಾಕುವ ಸಿ. ಎಲೆಗನ್ಸ್ ಎಂಬ 1 ಮಿಲಿಮೀಟರ್ ಉದ್ದದ ದುಂಡುಹುಳುವಿನ ಆಯುಷ್ಯ ಸಾಮಾನ್ಯವಾಗಿ 2-3 ವಾರ. ಮರಿಯಾಗಿದ್ದಾಗಲೇ ಆಹಾರ ಕಡಿಮೆಯಾದರೆ ಅದು ಬಾಯಿ ಮುಚ್ಚಿಕೊಂಡು, ಗಟ್ಟಿ ಹೊರಪದರ ತಳೆದು ಸುಪ್ತಾವಸ್ಥೆಗೆ ಜಾರುತ್ತದೆ. ಹಾಗೆಯೇ ತಿಂಗಳುಗಟ್ಟಲೆ ಕಾಯುತ್ತದೆ. ಪ್ರಾಯದ ಹೊಸ್ತಿಲಲ್ಲಿ ಉಪವಾಸ ಬಿದ್ದ ಹುಳುಗಳಲ್ಲಿ ಸಂತಾನೋತ್ಪತ್ತಿಯ ಜೀವಕೋಶಗಳು ಕುಗ್ಗಿ, ಆಹಾರ ಸಿಕ್ಕ ಮೇಲೆ ಮರಳಿ ಬೆಳೆದದ್ದೂ ಉಂಟು. ಮರಿಗಳು ಕಡಿಮೆಯಾದವು, ಸೊನ್ನೆಯಾಗಲಿಲ್ಲ.

ನಮ್ಮ ಹೊಲದ ಹುಳು ಬೇರೆ ಜಾತಿ, ಅದರ ಉಪಾಯವೂ ಬೇರೆ. ಹೆಣ್ಣು ಲೋಳೆಯ ಮುದ್ದೆಯೊಳಗೆ ನೂರಾರು ಮೊಟ್ಟೆ ಇಡುತ್ತದೆ. ಆ ಲೋಳೆ ಮೊಟ್ಟೆಗಳನ್ನು ಒಣಗದಂತೆ ಕಾಯುತ್ತದೆ. ಸಾಲದ್ದಕ್ಕೆ ಎಷ್ಟೋ ಕಳೆಗಳ ಬೇರೂ ಅದಕ್ಕೆ ಊಟವೇ. ಕಳೆ ತುಂಬಿದ ಬೀಳು ನಮಗಷ್ಟೇ ಬೀಳು.

ನೀವೇ ನೋಡಬಹುದು. ಬೀಳು ಬಿಟ್ಟ ಹೊಲದ ಐದಾರು ಕಡೆಯಿಂದ ಒಂದು ಗೇಣು ಆಳದ ಮಣ್ಣು ತೆಗೆದು ಕುಂಡಕ್ಕೆ ತುಂಬಿ, ನಿರೋಧಕವಲ್ಲದ ತಳಿಯ ಟೊಮೆಟೊ ಸಸಿ ನೆಡಿ. ಆರು ವಾರ ಬಿಟ್ಟು ಬೇರನ್ನು ಮೆಲ್ಲಗೆ ತೊಳೆಯಿರಿ. ಬೇರೇ ಉಬ್ಬಿ ಮಣಿ ಪೋಣಿಸಿದಂತೆ ಗಂಟುಗಳು ಕಂಡರೆ ಹುಳು ಇನ್ನೂ ಇದೆ. ಸಂದೇಶ ಕಳಿಸಿದವರನ್ನೂ ಕೇಳಿ: ಯಾವ ಹುಳು, ಎಷ್ಟು ತಿಂಗಳು, ಕಳೆ ತೆಗೆದಿದ್ದರೇ?