ಕೋಳಿಯ ಕಾಲು ನೋಡಿ

ಸಂತೆಯಲ್ಲಿ ನಾಟಿ ಕೋಳಿ ಕೊಳ್ಳುವಾಗ ನಮ್ಮತ್ತೆ ಅದರ ಮುಖ ನೋಡುವುದಿಲ್ಲ. ಎರಡೂ ಕಾಲು ಹಿಡಿದು ತಲೆಕೆಳಗು ಮಾಡುತ್ತಾರೆ. ಎದೆ ಒತ್ತಿ ನೋಡುತ್ತಾರೆ. ಆಮೇಲೆ ಕಾಲಿನ ಬಣ್ಣ. ಹಳದಿ ಇದ್ದರೆ ಚೌಕಾಸಿ ಶುರು. ಬಿಳಿಚಿಕೊಂಡಿದ್ದರೆ "ಇದು ಫಾರಂದು ಕಣಪ್ಪ, ನಂಗೆ ಟೋಪಿ ಹಾಕ್ಬೇಡ" ಅಂತ ವಾಪಸ್ಸು ಬುಟ್ಟಿಗೆ.

ಪುಕ್ಕ ತರಿದು, ಬೆಂಕಿಯಲ್ಲಿ ಸುಟ್ಟು, ಅರಿಶಿನ ಸವರಿದ ಮೇಲೆ ಇಡೀ ಕೋಳಿಯೇ ಹಳದಿ. ಚರ್ಮದ ಬಣ್ಣವೆಲ್ಲ ಆ ಅರಿಶಿನದ್ದೇ ಅಂತ ಬಹಳ ವರ್ಷ ನಂಬಿದ್ದೆ. ಅಲ್ಲವಂತೆ. ಸೊಪ್ಪು, ಮುಸುಕಿನ ಜೋಳ ತಿಂದಾಗ ಮೈಗೆ ಸೇರುವ ಹಳದಿಯನ್ನು ಕೆಲವು ಕೋಳಿಗಳ ಚರ್ಮ ಹಾಗೇ ಇಟ್ಟುಕೊಳ್ಳುತ್ತದೆ, ಕೆಲವುದರ ಚರ್ಮ ಒಡೆದು ಹಾಕುತ್ತದೆ. ಎಲ್ಲ ಒಂದು ಜೀನ್‌ನ ಕೆಲಸ.

ಆ ಜೀನ್ ಎಲ್ಲಿಂದ ಬಂತು ಅನ್ನುವುದೇ ಮಜಾ. ಊರುಕೋಳಿಯ ಮೂಲ ಕೆಂಪು ಕಾಡುಕೋಳಿ. 2020ರಲ್ಲಿ 800ಕ್ಕೂ ಹೆಚ್ಚು ಕೋಳಿಗಳ ಜೀನೋಮ್ ಓದಿದವರು, ಅದು ಮನೆ ಸೇರಿದ್ದು ನೈಋತ್ಯ ಚೀನಾ, ಉತ್ತರ ಥಾಯ್ಲೆಂಡ್, ಮ್ಯಾನ್ಮಾರ್ ಕಡೆ ಅಂದರು. ಹಳದಿ ಚರ್ಮ ಮಾತ್ರ ಬೂದು ಕಾಡುಕೋಳಿಯ ಕೊಡುಗೆ ಅಂತ 2008ರಲ್ಲೇ ಗೊತ್ತಾಗಿತ್ತು. ಬೂದು ಕೋಳಿ ಅಂದರೆ ನಮ್ಮ ಪಶ್ಚಿಮ ಘಟ್ಟದ್ದೇ! ಕತ್ತಿನ ಗರಿಗಳ ಮೇಲೆ ಮೇಣದ ಹನಿ ಬಿದ್ದ ಹಾಗೆ ಚುಕ್ಕೆ, ಮನುಷ್ಯರ ಸದ್ದು ಕೇಳಿದರೆ ಪೊದೆಯೊಳಗೆ ಮಾಯ. ಇಷ್ಟು ನಾಚಿಕೆಯ ಹುಂಜ ಅದ್ಯಾವಾಗ ಊರಿನ ಹೇಂಟೆಯ ಹತ್ತಿರ ಬಂತೋ!

ಅತ್ತೆಯ ಪರೀಕ್ಷೆಯಲ್ಲಿ ಒಂದು ತೂತಿದೆ. ಈ ಹಳದಿ ದೇಶ ಸುತ್ತಿ ಫಾರಂಗೂ ಹೋಗಿದೆ. ಮೊಟ್ಟೆಗೆ ಸಾಕುವ ಬಿಳಿ ಲೆಗಾರ್ನ್‌ಗೂ ಹಳದಿ ಕಾಲೇ. ಅದೇ ಅಪ್ಪಟ ನಾಟಿಗೆ ಕಪ್ಪು ಕಾಲೂ ಇರಬಹುದು, ಬಿಳಿಯದೂ ಇರಬಹುದು. ನಮ್ಮನೆ ಹೇಂಟೆಯ ಹಿಂದೆ ಓಡಾಡುವ ಏಳು ಮರಿಗಳಲ್ಲೇ ಒಂದಕ್ಕೆ ಜುಟ್ಟು, ಒಂದಕ್ಕೆ ಬೋಳು ಕತ್ತು. ಬೋಳು ಕತ್ತಿನದು ನೋಡೋಕೆ ಚೆನ್ನಾಗಿಲ್ಲ, ಆದರೆ ಬೇಸಿಗೆಯಲ್ಲಿ ಎಲ್ಲಕ್ಕಿಂತ ಆರಾಮಾಗಿರೋದು ಅದೇ.

ತೂತಿನ ವಿಷಯ ಅತ್ತೆಗೆ ಹೇಳುವ ಧೈರ್ಯ ನನಗಿಲ್ಲ. ಘಟ್ಟದ ಸಂಬಂಧ ಮಾತ್ರ ಹೇಳಿದೆ. ಒಲೆ ಮುಂದೆ ನಿಂತಿದ್ದರು. "ಓಹೋ, ಕಾಡಿನ ನೆಂಟಸ್ತಿಕೆನಾ? ಅದಕ್ಕೇ ಆರು ಸೀಟಿ ಆದ್ರೂ ಬೆಂದಿಲ್ಲ" ಅಂದು ಇನ್ನೆರಡಕ್ಕೆ ಇಟ್ಟರು.